ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದವರು

ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ನಮ್ಮ ಶಾಲೆಯಲ್ಲಿದ್ದ ವಿಜ್ಞಾನದ ಮೇಷ್ಟರು ತೀರಿಕೊಂಡ ಸುದ್ದಿ ಬಂದಾಗ ನಾನು ನಂಬಲಿಲ್ಲ. ನಂಬದಿರುವುದಕ್ಕೆ ಕಾರಣವಿತ್ತು. ಹಿಂದೊಮ್ಮೆ ಇದೇ ಗುಂಪಿನಲ್ಲಿ ಬದುಕಿರುವ ಒಬ್ಬ ನಿವೃತ್ತ ಮೇಷ್ಟರಿಗೆ ನಾವೆಲ್ಲ ಸಾಲಾಗಿ ಕೈಮುಗಿದು ಓಂ ಶಾಂತಿ ಹೇಳಿದ್ದೆವು. ಮಧ್ಯಾಹ್ನದ ಊಟ ಮುಗಿಸಿ ಎದ್ದ ಆ ಪುಣ್ಯಾತ್ಮರು ‘ಎಲ್ಲರಿಗೂ ಧನ್ಯವಾದಗಳು’ ಎಂದು ಬರೆದಿದ್ದರು. ಹಾಗಾಗಿ ಈ ಸಲ ಸುದ್ದಿ ಹಾಕಿದವರಿಗೆ ಫೋನ್ ಮಾಡಿ, ‘ನಿಮಗೆ ಹೇಗೆ ಗೊತ್ತಾಯ್ತು?’ ಎಂದು ಕೇಳಿದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅದು ನನ್ನ ಮಾತಲ್ಲ, ತೀರಿಕೊಂಡವರ ಮಾತು.

ಸುದ್ದಿ ನಿಜವಾಗಿತ್ತು. ಹಿಂದಿನ ದಿನ ಸಂಜೆ, ಹದಿನಾರು ಎಂಬ ಊರಿನ ತಮ್ಮ ಮನೆಯ ಜಗುಲಿಯಲ್ಲಿ ಕುರ್ಚಿಯ ಮೇಲೆ ಕೂತಂತೆಯೇ ಹೋಗಿಬಿಟ್ಟಿದ್ದರು.

ನಮ್ಮ ಮನೆಯಲ್ಲಿ ಆಗ ಬೇರೆಯೇ ಗಡಿಬಿಡಿ. ಬರುವ ವಾರ ಮಗಳ ನಿಶ್ಚಿತಾರ್ಥ. ಹುಡುಗ ಟಿ. ನರಸೀಪುರದವನು, ಬ್ಯಾಂಕಿನಲ್ಲಿ ಕೆಲಸ, ಮನೆತನ ಒಳ್ಳೆಯದು, ಫೋನಿನಲ್ಲೂ ತಗ್ಗಿ ಮಾತಾಡುತ್ತಾನೆ. ಇಷ್ಟೆಲ್ಲ ಒಳ್ಳೆಯದಾಗಿದ್ದರೆ ನನಗೆ ಅನುಮಾನ ಬರಬೇಕಾದದ್ದು ಹುಡುಗನ ಮೇಲೆ. ಬಂದದ್ದು ಮಗಳ ಮೇಲೆ. ಕೇಳಿದಾಗಲೆಲ್ಲ ‘ನಂಗೆ ಒಪ್ಪಿಗೆ ಅಮ್ಮ’ ಎನ್ನುತ್ತಿದ್ದಳು. ಒಂದು ಚೂಡಿದಾರ ಆರಿಸುವುದಕ್ಕೆ ಅರ್ಧ ದಿನ ತೆಗೆದುಕೊಳ್ಳುವ ಹುಡುಗಿ ಗಂಡನನ್ನು ಆರಿಸುವಾಗ ಒಂದು ಸಲವೂ ತಡವರಿಸಲಿಲ್ಲ. ಅದೇ ನನಗೆ ಸರಿಬರಲಿಲ್ಲ. ಅವಳ ಗೆಳತಿಯರನ್ನು ವಿಚಾರಿಸಿದೆ, ಅವಳು ಎಂಎಸ್ಸಿ ಓದುವಾಗ ಇದ್ದ ಮೈಸೂರಿನ ಹಾಸ್ಟೆಲ್ಲಿನ ವಾರ್ಡನ್ನರನ್ನು ವಿಚಾರಿಸಿದೆ, ನನ್ನ ತಂಗಿಯ ಕೈಲಿ ಉಪಾಯವಾಗಿ ಕೇಳಿಸಿದೆ. ಏನೂ ಇಲ್ಲ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ ಎಂದರು ಎಲ್ಲರೂ. ಎಲ್ಲರೂ ಒಂದೇ ಮಾತು ಹೇಳಿದರೆ ನನಗೆ ತಲೆ ಇನ್ನೂ ಕೆಡುತ್ತದೆ.

ನನ್ನ ಸ್ವಭಾವ ಹಾಗೆ. ಹಾಲು ಬಂದರೆ ಬೆರಳದ್ದಿ ನೋಡುತ್ತೇನೆ. ಬೀಗ ಹಾಕಿ, ಎಳೆದು ನೋಡಿ, ಗೇಟಿನ ತನಕ ಹೋಗಿ, ಮತ್ತೆ ಬಂದು ಎಳೆಯುತ್ತೇನೆ. ‘ನಿನ್ನ ಪೊಲೀಸ್ ಇಲಾಖೆಗೆ ಸೇರಿಸಬೇಕಿತ್ತು, ತಪ್ಪಿ ಸಮಾಜ ವಿಜ್ಞಾನಕ್ಕೆ ಸೇರಿಸಿದ್ರು’ ಎಂದು ನಮ್ಮ ಮನೆಯವರು ಹೇಳುವುದುಂಟು. ಅಂಥ ನನ್ನ ಎದುರಿಗೆ, ಈಗ ತೀರಿಕೊಂಡ ಈ ಮನುಷ್ಯ ಒಂದು ದಿನ ಬಂದು ಕೂತರು. ಅನುಮಾನಪಡುವುದಕ್ಕೆ ಅವರಷ್ಟು ಅನುಕೂಲವಾದ ಮನುಷ್ಯನನ್ನು ನಾನು ಆಮೇಲೆ ನೋಡಿಲ್ಲ.

ನಾನಾಗ ಹೆಮ್ಮಿಗೆಯ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿದ್ದೆ. ನಂಜನಗೂಡಿನಿಂದ ದಿನಾ ಬಸ್ಸು. ಮಗಳನ್ನೂ ಅದೇ ಶಾಲೆಗೆ ಸೇರಿಸಿಕೊಂಡಿದ್ದೆ. ಮೇಷ್ಟ್ರುಗಳೆಲ್ಲ ತಮ್ಮ ಮಕ್ಕಳನ್ನು ಪ್ರೈವೇಟ್ ಶಾಲೆಗೆ ಹಾಕಿ ನನ್ನನ್ನು ಆದರ್ಶ ಶಿಕ್ಷಕಿ ಎಂದು ಹೊಗಳುತ್ತಿದ್ದರು. ಆದರ್ಶವೂ ಇಲ್ಲ, ಗೀದರ್ಶವೂ ಇಲ್ಲ. ಮಗಳು ಕಣ್ಣೆದುರಿಗೆ ಇರಲಿ ಅಂತ, ಅಷ್ಟೆ.

ಅವರು ಕವಲಂದೆ ಕಡೆಯ ಶಾಲೆಯಿಂದ ವರ್ಗವಾಗಿ ಬಂದದ್ದು ದಸರಾ ರಜೆ ಮುಗಿದ ಮೇಲೆ. ವರ್ಷದ ಮಧ್ಯೆ ಯಾರೂ ಸುಮ್ಮನೆ ಬರುವುದಿಲ್ಲ. ಏನೋ ಆಗಿರಬೇಕು ಎಂದು ಸ್ಟಾಫ್ ರೂಮಿನಲ್ಲಿ ನಾವು ನಿರ್ಧರಿಸಿದೆವು. ಏನು ಎನ್ನುವುದನ್ನು ಮಾತ್ರ ಕಂಡುಹಿಡಿಯಬೇಕಿತ್ತು. ಕವಲಂದೆಯಲ್ಲಿದ್ದ ನನ್ನ ಪರಿಚಯದ ಟೀಚರಿಗೆ ಫೋನ್ ಮಾಡಿದೆ. ‘ಅಯ್ಯೋ ಒಳ್ಳೆ ಮನುಷ್ಯರು ಕಣ್ರೀ, ಸ್ವಲ್ಪ ಪ್ರಶ್ನೆ ಜಾಸ್ತಿ’ ಎಂದರು. ಏನನ್ನೋ ಮುಚ್ಚುತ್ತಿದ್ದಾರೆ ಅನ್ನಿಸಿತು.

ನೋಡುವುದಕ್ಕೆ ಗಿಡ್ಡ ಆಳು. ಶರ್ಟಿನ ಜೇಬಿನಲ್ಲಿ ಪೆನ್ನಿನ ಬದಲು ಸೀಮೆಸುಣ್ಣ ಇಟ್ಟುಕೊಳ್ಳುತ್ತಿದ್ದರು, ಹಾಗಾಗಿ ಎದೆಯ ಎಡಭಾಗ ಸದಾ ಬೆಳ್ಳಗೆ. ಮುಖ ಮಾತ್ರ ಬಸ್ಸಿನ ಬೋರ್ಡು ಇದ್ದ ಹಾಗೆ, ಎಲ್ಲಿಗೆ ಹೊರಟಿದೆ ಅಂತ ದೂರದಿಂದಲೇ ಓದಬಹುದು. ಬಿಸಿಯೂಟದ ಸಾರಿಗೆ ಉಪ್ಪು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ನಾವು ರುಚಿ ನೋಡಬೇಕಾಗಿರಲಿಲ್ಲ. ಅವರು ಮೊದಲ ತುತ್ತು ಬಾಯಿಗಿಟ್ಟಾಗ ಹುಬ್ಬು ನೋಡಿದರೆ ಸಾಕು.

ಈಗ ನಮ್ಮ ಪಾಠದ ರೀತಿ ಹೇಳಬೇಕು. ನಮ್ಮಲ್ಲಿ ಪ್ರಶ್ನೆ ಕೇಳುವುದೆಂದರೆ ಅರ್ಧ ಉತ್ತರವನ್ನು ನಾವೇ ಹೇಳಿ, ಉಳಿದರ್ಧವನ್ನು ಮಕ್ಕಳ ಬಾಯಿಂದ ಈಸಿಕೊಳ್ಳುವುದು. ‘ಭಾರತ ಒಂದು ಪ್ರಜಾ...’ ಎಂದು ನಾನು ಎಳೆದರೆ, ಇಡೀ ತರಗತಿ ‘ಪ್ರಭುತ್ವಾ’ ಎಂದು ಹೆಂಚು ಹಾರುವ ಹಾಗೆ ಕೂಗುತ್ತಿತ್ತು. ‘ಪಶ್ಚಿಮಕ್ಕೆ ಹರಿಯುವ ನದಿ ಶರಾ...’ ‘ವತೀ’. ಇದರಲ್ಲಿ ನನ್ನನ್ನು ಮೀರಿಸುವವರು ನಮ್ಮ ತಾಲ್ಲೂಕಿನಲ್ಲಿ ಇರಲಿಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದವರು ನನ್ನ ತರಗತಿಯ ಹೊರಗೆ ನಿಂತೇ ತೃಪ್ತಿಯಾಗಿ ಹೋಗುತ್ತಿದ್ದರು.

ಅವರ ತರಗತಿಯಿಂದ ಸದ್ದೇ ಇರುತ್ತಿರಲಿಲ್ಲ. ವಿಜ್ಞಾನದ ಪಾಠ, ಗೋಡೆಯಾಚೆಯ ಕೊಠಡಿ, ಒಳಗೆ ನಿಶ್ಶಬ್ದ. ಒಂದು ದಿನ ತಡೆಯಲಾರದೆ ಹೋಗಿ ಕಿಟಕಿಯಲ್ಲಿ ಇಣುಕಿದೆ. ಮಕ್ಕಳು ಸುಮ್ಮನೆ ಕೂತಿದ್ದಾರೆ. ಈ ಮನುಷ್ಯ ಅವರಿಗೆ ಬೆನ್ನು ಹಾಕಿ, ಕೈ ಹಿಂದೆ ಕಟ್ಟಿಕೊಂಡು, ಮೂಲೆಯ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಬೋರ್ಡಿನ ಮೇಲೆ ಬರೆಯುತ್ತಿಲ್ಲ. ಏನೂ ಮಾಡುತ್ತಿಲ್ಲ. ಮಾರನೆಯ ದಿನ ಇಣುಕಿದಾಗಲೂ ಅದೇ ದೃಶ್ಯ.

ನಮ್ಮ ಅಟೆಂಡರನ್ನು ಕರೆದು, ಹಾಜರಿ ಪುಸ್ತಕ ಕೊಡುವ ನೆಪದಲ್ಲಿ ಒಳಗೆ ಹೋಗಿ ನೋಡಿ ಬಾ ಎಂದೆ. ಹೋಗಿ ಬಂದ.

‘ಗೋಡೆ ನೋಡ್ಕಂಡು ನಿಂತವ್ರೆ ಮೇಡಮ್ಮೋರೇ.’

‘ಫೋನ್ ನೋಡ್ತಿದಾರಾ?’

‘ಪೋನು ಗೀನು ಏನೂ ಇಲ್ಲ.’

‘ನಿದ್ದೆ ಹೊಡೀತಿರಬೇಕು.’

‘ನಿಂತ್ಕಂಡು ನಿದ್ದೆ ಮಾಡಾಕೆ ಅವ್ರೇನು ಕುದ್ರೆನಾ? ಒಂದು ಪ್ರಸ್ನೆ ಕೇಳ್ತಾರಂತೆ, ಅಂಗೇ ತಿರೀಕಂಡು ನಿಂತ್ಕತಾರಂತೆ. ಐಕ್ಳು ಯೇಳೋಗಂಟ ಈ ಕಡೀಕೆ ತಿರುಗಾಕಿಲ್ವಂತೆ.’

ಉತ್ತರ ಗೊತ್ತಿಲ್ಲದ ಮೇಷ್ಟರು ಮಾಡುವ ಕೆಲಸ ಇದು ಎಂದು ನನಗೆ ಖಾತ್ರಿಯಾಯಿತು. ಪ್ರಶ್ನೆ ಎಸೆಯುವುದು, ಬೆನ್ನು ತೋರಿಸುವುದು, ಮಕ್ಕಳು ಏನು ಹೇಳುತ್ತಾರೋ ಅದನ್ನೇ ಹಿಡಿದು ಕಾಲ ತಳ್ಳುವುದು. ಹೋಗಿ ಹೆಡ್ಮಾಸ್ಟರಿಗೆ ಹೇಳಿದೆ. ಅವರಿಗೂ ಅದೇ ಅನುಮಾನ ಇತ್ತು. ‘ಏನ್ರೀ ಮೇಡಂ, ಈ ಆಸಾಮಿ ಪಾಠ ಮಾಡೋದೇ ಕೇಳ್ಸಲ್ವಲ್ಲ. ಪಾಸಿಂಗ್ ಪ್ಯಾಕೇಜ್ ಕೊಡಿ ಮಕ್ಕಳಿಗೆ, ಬಾಯಿಪಾಠ ಮಾಡ್ಲಿ ಅಂದ್ರೆ, ಪ್ಯಾಕೇಜಲ್ಲಿ ಏನೈತೆ ಸಾ ಅಂತ ನನ್ನೇ ಕೇಳ್ತಾರೆ’ ಎಂದು ಗೊಣಗುತ್ತಿದ್ದರು.

ಮಕ್ಕಳು ಉತ್ತರ ಹೇಳಿದರೂ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಸರಿ ಎಂದೂ ಅನ್ನುತ್ತಿರಲಿಲ್ಲ, ತಪ್ಪು ಎಂದೂ ಅನ್ನುತ್ತಿರಲಿಲ್ಲ. ಗೋಡೆಯ ಕಡೆಯಿಂದಲೇ ‘ನಿಂಗೆ ಹೆಂಗೊತ್ತಾಯ್ತು?’ ಎಂದು ಇನ್ನೊಂದು ಪ್ರಶ್ನೆ ಬರುತ್ತಿತ್ತು.

ಈ ‘ಹೆಂಗೊತ್ತಾಯ್ತು’ ಒಂದು ಸಲ ಊರೊಳಕ್ಕೂ ಹೋಯಿತು. ಗಿಡಗಳ ಉಸಿರಾಟದ ಪಾಠ. ರಾತ್ರಿ ಹುಣಸೆಮರದ ಕೆಳಗೆ ಮಲಗಬಾರದು, ಉಸಿರು ಕಟ್ಟಿ ಸಾಯುತ್ತಾರೆ ಎಂದು ಒಬ್ಬಳು ಹೇಳಿದಳಂತೆ. ಹೆಂಗೊತ್ತು? ನಮ್ಮಜ್ಜಿ ಯೇಳ್ತು ಸಾ. ಅಜ್ಜಿಗೆ ಹೆಂಗೊತ್ತು? ಹುಡುಗಿ ಮನೆಗೆ ಹೋಗಿ ಅಜ್ಜಿಯನ್ನು ಕೇಳಿತು. ಮಾರನೆಯ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿನೊಳಕ್ಕೆ ಬಂದಿತು.

‘ಯಾವೋನ್ಲಾ ಅವ್ನು, ನನ್ನ ಸುಳ್ಳಿ ಅಂದೋನು?’

‘ನಾನೇ ಕಣಮ್ಮ’ ಎಂದರು ಇವರು. ‘ಸುಳ್ಳಿ ಅನ್ನಲಿಲ್ಲ. ನಿಮಗೆ ಹೆಂಗೊತ್ತು ಅಂತ ಕೇಳ್ಕೊಂಡು ಬಾ ಅಂದೆ.’

‘ನಮ್ಮತ್ತೆ ಯೇಳಿದ್ಲು.’

‘ನಿಮ್ಮತ್ತೆ ಯಾವತ್ತಾದ್ರೂ ರಾತ್ರಿ ಹುಣಸೆಮರದ ಕೆಳಗೆ ಮಲಗಿದ್ರಾ?’

ಅಜ್ಜಿ ಸೊಂಟದ ಸೆರಗು ಬಿಚ್ಚಿ ಹೆಗಲಿಗೆ ಹಾಕಿಕೊಂಡಿತು. ‘ಮಲಗಿದ್ದಿದ್ರೆ ನಾನ್ಯಾಕೆ ಅಷ್ಟೊರ್ಸ ಅವಳ ಕೈಲಿ ಸಿಕ್ಕಾಕಂಡು ಸಾಯ್ತಿದ್ದೆ ಮೇಷ್ಟ್ರೇ’ ಎಂದಿತು. ಸಾಲಿನಲ್ಲಿ ನಿಂತಿದ್ದ ಮಕ್ಕಳೆಲ್ಲ ಗೊಳ್ಳೆಂದವು. ಅಜ್ಜಿಯೂ ನಕ್ಕು, ಬಂದ ಕೆಲಸ ಮರೆತು, ಬಿಸಿಯೂಟದವರ ಹತ್ತಿರ ಎಲೆಅಡಿಕೆ ಈಸಿಕೊಂಡು ಹೋಯಿತು. ನಾನು ನಗಲಿಲ್ಲ. ಮನೆಯ ಹಿರಿಯರನ್ನು ಪ್ರಶ್ನೆ ಮಾಡಲು ಮಕ್ಕಳಿಗೆ ಹೇಳಿಕೊಡುವ ಈ ಮನುಷ್ಯನ ಉದ್ದೇಶ ಏನು ಎಂದು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ವಿಷಯ ನನ್ನ ಮನೆಬಾಗಿಲಿಗೇ ಬಂತು. ಮಗಳು ಆಗ ಹತ್ತನೇ ತರಗತಿ. ಶಾಲೆಗೇ ಮೊದಲಿಗಳು. ಅವಳಿಂದ ನಮ್ಮ ಶಾಲೆಯ ಹೆಸರು ಪೇಪರಿನಲ್ಲಿ ಬರುತ್ತದೆ ಎಂದು ಹೆಡ್ಮಾಸ್ಟರು ಕಾಯುತ್ತಿದ್ದರು, ನಾನೂ ಕಾಯುತ್ತಿದ್ದೆ. ಒಂದು ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತವಳು ನಂಜನಗೂಡು ಬರುವ ತನಕ ಮಾತಾಡಲಿಲ್ಲ. ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅತ್ತಳು.

ಏನಾಯಿತು ಎಂದರೆ, ಮನೆಯಲ್ಲಿ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೋ ಸಮಾಂತರವಾಗಿಯೋ ಎಂದು ಇವರು ಕೇಳಿದ್ದಾರೆ. ಇವಳು ಎದ್ದು ಸಮಾಂತರ ಎಂದಿದ್ದಾಳೆ. ಸರಿಯಾದ ಉತ್ತರ. ಗೋಡೆಯ ಕಡೆಯಿಂದ ‘ನಿಂಗೆ ಹೆಂಗೊತ್ತಾಯ್ತು?’ ಬಂದಿದೆ. ನಮ್ಮ ಶಾಲೆಗಳಲ್ಲಿ ಓದಿದವರಿಗೆ ಇದರ ಅರ್ಥ ಗೊತ್ತು. ಉತ್ತರ ಸರಿಯಾಗಿದ್ದರೆ ಮೇಷ್ಟರು ‘ಗುಡ್, ಕೂತ್ಕೋ’ ಎನ್ನುತ್ತಾರೆ. ಎರಡನೇ ಸಲ ಕೇಳಿದರೆ ತಪ್ಪಿದೆ ಎಂದೇ ಲೆಕ್ಕ. ಮಗಳು ಕೂಡಲೇ ‘ಸರಣಿ ಸಾರ್’ ಎಂದಿದ್ದಾಳೆ. ‘ಅದು ಹೆಂಗೊತ್ತಾಯ್ತು?’ ಎಂದಿದ್ದಾರೆ. ‘ಎರಡೂ ಅಲ್ಲ ಸಾರ್’ ಎಂದಿದ್ದಾಳೆ. ಹಿಂದಿನ ಬೆಂಚಿನವರು ನಕ್ಕಿದ್ದಾರೆ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಅವರನ್ನು ಹಿಡಿದುಕೊಂಡೆ. ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಕುಕ್ಕಿದೆ.

‘ಸರಿಯಾದ ಉತ್ತರ ಹೇಳಿದ ಮಗೂನ ಯಾಕೆ ಅಳಿಸಿದ್ರಿ?’

‘ಸರಿಯಾದ ಉತ್ತರ ಅಂತ ಅವಳಿಗೆ ಗೊತ್ತಿದ್ರೆ ಯಾಕೆ ಬದಲಾಯಿಸಿದಳು ಮೇಡಂ?’

‘ನೀವು ಗೋಡೆ ನೋಡ್ತಾ ನಿಂತ್ರೆ ಮಕ್ಕಳು ಹೆದರಲ್ವಾ? ಏನಿದೆ ಆ ಗೋಡೆಯಲ್ಲಿ?’

ಅವರ ಹುಬ್ಬು ಮೇಲೆ ಹೋಯಿತು, ಕೆಳಗೆ ಬಂತು. ‘ಗೋಡೆಯಲ್ಲಿ ಏನೂ ಇಲ್ಲ ಮೇಡಂ. ಈ ಮುಖ ನಂಬಕ್ಕಾಗಲ್ಲ’ ಎಂದು ತಮ್ಮ ಕೆನ್ನೆ ಮುಟ್ಟಿ ತೋರಿಸಿದರು. ‘ಉತ್ತರ ಹೇಳಿಬಿಡ್ತದೆ. ನಾನು ಬಾಯಿ ಬಿಡೋ ಮುಂಚೆ ಮಕ್ಕಳು ಇಲ್ಲಿ ಓದ್ಕೊಂಡುಬಿಡ್ತಾರೆ. ಅದಕ್ಕೇ ಬಚ್ಚಿಡ್ತೀನಿ.’

ಅವರು ದನಿ ತಗ್ಗಿಸಿ, ‘ಮನೇಲಿ ನೀವೇ ಓದಿಸ್ತೀರಲ್ಲ, ಪ್ರಶ್ನೆ ಕೇಳುವಾಗ ಎಲ್ಲಿ ಕೂರ್ತೀರಿ?’ ಎಂದರು.

‘ಎದುರಿಗೆ.’

‘ಒಂದ್ಸಲ ಬೆನ್ನು ಮಾಡಿ ಕೇಳಿ ನೋಡಿ.’

ನನ್ನ ಮಗಳ ಬಗ್ಗೆ ನನಗೇ ಪಾಠ ಹೇಳುತ್ತಿದ್ದಾರಲ್ಲ ಎಂದು ಮೈ ಉರಿಯಿತು. ನನ್ನ ಕಂಪ್ಲೇಂಟ್ ಹೆಡ್ಮಾಸ್ಟರ ಕಿವಿಗೆ ಬಿದ್ದದ್ದು ಇವರಿಗೆ ತಿಳಿದಿರಬೇಕು, ಅದಕ್ಕೆ ಮಗಳ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ ಎಂದೇ ಅಂದುಕೊಂಡೆ.

ಆದರೂ ಅನುಮಾನದ ಪ್ರಾಣಿ ಪರೀಕ್ಷೆ ಮಾಡದೆ ಇರುತ್ತದೆಯೇ. ಅವತ್ತು ಸಂಜೆ ಒಲೆಯ ಮುಂದೆ ನಿಂತು ಮುದ್ದೆಗೆ ಹಿಟ್ಟು ತಿರುವುತ್ತಿದ್ದೆ. ಹಿಟ್ಟು ತಿರುವುವಾಗ ಆಚೀಚೆ ನೋಡುವ ಹಾಗಿಲ್ಲ, ಗಂಟಾಗುತ್ತದೆ. ಮಗಳು ಹಿಂದೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಅದೇ ಪ್ರಶ್ನೆ ಕೇಳಿದೆ. ಮನೆಯಲ್ಲಿ ಬಲ್ಬು ಹೇಗೆ ಜೋಡಿಸಿರುತ್ತಾರೆ?

‘ಸಮಾಂತರ’ ಎಂದಳು.

‘ನಿಂಗೆ ಹೆಂಗೊತ್ತು?’

ಕೋಲಿಗೆ ಹಿಟ್ಟು ಹಿಡಿಯುವ ಸದ್ದು ಮಾತ್ರ. ಆಮೇಲೆ ಮೆಲ್ಲಗೆ, ‘ಸರಣಿನಾ?’ ಎಂದಳು. ನಾನು ತಿರುಗಲಿಲ್ಲ.

‘ಅಮ್ಮಾ, ಈ ಕಡೆ ತಿರುಗು’ ಎಂದಳು.

ತಿರುಗಿದೆ. ಮಗಳು ನನ್ನ ಮುಖವನ್ನು ಎಡದಿಂದ ಬಲಕ್ಕೆ ಒಂದು ಸಲ ನೋಡಿದಳು. ‘ಸಮಾಂತರ’ ಎಂದಳು. ಈ ಸಲ ದನಿಯಲ್ಲಿ ಅಳುಕೇ ಇರಲಿಲ್ಲ.

ನನಗೆ ಭಯವಾಯಿತು. ಸುಳ್ಳು ಹೇಳುವ ಮಕ್ಕಳನ್ನು ಹಿಡಿಯುವುದು ನನಗೆ ಗೊತ್ತು. ಇದು ಸುಳ್ಳಲ್ಲ. ಇಷ್ಟು ವರ್ಷ ನಾನು ಹೆಮ್ಮೆಯಿಂದ ಕೇಳಿಸಿಕೊಂಡ ಉತ್ತರಗಳಲ್ಲಿ ಅವಳದೆಷ್ಟು, ನನ್ನ ಹುಬ್ಬಿನದೆಷ್ಟು ಎಂದು ಗೊತ್ತಾಗದೆ ಹೋಯಿತು. ಒಲೆಯ ಮೇಲೆ ಮುದ್ದೆ ಗಂಟಾಯಿತು, ಅದನ್ನೇ ತಿಂದೆವು.

ಈ ವಿಷಯ ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಗೆದ್ದೆ ಅಂದುಕೊಳ್ಳುತ್ತಿದ್ದರು. ನನ್ನ ‘ಪ್ರಜಾ... ಪ್ರಭುತ್ವ’ವನ್ನೂ ಬಿಡಲಿಲ್ಲ, ಇವತ್ತಿಗೂ ಬಿಟ್ಟಿಲ್ಲ. ನಲವತ್ತೈದು ನಿಮಿಷದಲ್ಲಿ ಸಂವಿಧಾನ ಮುಗಿಸಬೇಕಾದವರಿಗೆ ಗೋಡೆ ನೋಡುತ್ತಾ ನಿಲ್ಲಲು ಪುರಸೊತ್ತು ಎಲ್ಲಿದೆ? ಆದರೆ ಮನೆಯಲ್ಲಿ ಮಗಳ ಎದುರಿಗೆ ಕೂರುವುದನ್ನು ನಿಲ್ಲಿಸಿದೆ. ಬಟ್ಟೆ ಒಗೆಯುತ್ತಲೋ ಅಕ್ಕಿ ಆರಿಸುತ್ತಲೋ ಬೆನ್ನು ಮಾಡಿ ಕೇಳುತ್ತಿದ್ದೆ. ಅವಳು ಮೊದಮೊದಲು ಸುತ್ತಿ ಮುಂದೆ ಬರುತ್ತಿದ್ದಳು, ನಾನು ಮತ್ತೆ ತಿರುಗುತ್ತಿದ್ದೆ. ತಾಯಿ ಮಗಳು ಹೀಗೆ ಗಿರಿಗಿರಿ ಸುತ್ತುವುದನ್ನು ನೋಡಿ ನಮ್ಮ ಮನೆಯವರು, ‘ಏನ್ ಕೋಲಾಟ ಇದು’ ಎಂದು ಕೇಳಿದ್ದುಂಟು.

ಪ್ರಿಪರೇಟರಿ ಪರೀಕ್ಷೆಯಲ್ಲಿ ಅವಳ ಅಂಕ ಇಳಿಯಿತು. ಹೆಡ್ಮಾಸ್ಟರು ನನ್ನನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡಿದರು. ನಾನು ಆ ಸೀಮೆಸುಣ್ಣದ ಜೇಬಿನ ಕಡೆ ನೋಡಿದೆ. ನನ್ನ ಮಗಳ ಭವಿಷ್ಯದ ಮೇಲೆ ಪ್ರಯೋಗ ಮಾಡುತ್ತಿರುವ ಈ ಮನುಷ್ಯನನ್ನು ಕವಲಂದೆಯವರು ಯಾಕೆ ಓಡಿಸಿರಬಹುದು ಎಂದು ಮತ್ತೊಂದು ಸುತ್ತು ವಿಚಾರಣೆ ನಡೆಸಿದೆ. ಏನೂ ಸಿಗಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ನಾನು ಪಾತ್ರೆ ತೊಳೆಯುತ್ತಿರುವಾಗ ಅಡುಗೆಮನೆಯ ದೀಪ ಆರಿಹೋಯಿತು. ಕರೆಂಟು ಹೋಯಿತು ಅಂದುಕೊಂಡೆ. ಸ್ವಿಚ್ಚಿನ ಹತ್ತಿರ ಮಗಳು ನಿಂತಿದ್ದಳು. ‘ನೋಡಮ್ಮ, ಇಲ್ಲಿ ಆರಿಸಿದ್ರೂ ಹಾಲಲ್ಲಿ ಉರೀತಾನೇ ಇದೆ. ಸರಣಿ ಆಗಿದ್ರೆ ಅದೂ ಆರಬೇಕಿತ್ತು. ಸಮಾಂತರಾನೇ ಕಣಮ್ಮ’ ಎಂದಳು. ಕತ್ತಲಲ್ಲಿ ನನ್ನ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಕಾಣಬೇಕೆಂದು ಅವಳು ಕಾಯಲೂ ಇಲ್ಲ, ಹಾಲಿಗೆ ಓಡಿದಳು. ಸೋಪಿನ ಕೈಯಲ್ಲಿ ನಾನು ಅಲ್ಲೇ ನಿಂತು ಒಬ್ಬಳೇ ಖುಷಿಪಟ್ಟೆ.

ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಒಳ್ಳೆಯ ಅಂಕವೇ ಬಂತು, ಪೇಪರಿನಲ್ಲಿ ಹೆಸರು ಬರುವಷ್ಟಲ್ಲ. ಅವರು ಕೆಲವು ವರ್ಷ ನಮ್ಮಲ್ಲೇ ಇದ್ದು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಹೆಡ್ಮಾಸ್ಟರು ಮೈಕಿನಲ್ಲಿ, ‘ಇವರು ಮಕ್ಕಳ ಮನಸ್ಸನ್ನು ಗೆದ್ದ ಮಹಾನುಭಾವರು’ ಎಂದರು. ಪಕ್ಕದ ಕುರ್ಚಿಯಿಂದ ‘ನಿಮಗೆ ಹೆಂಗೊತ್ತಾಯ್ತು ಸಾ?’ ಎಂದು ಕೇಳಿತು. ಮಕ್ಕಳು ಶಾಮಿಯಾನ ಹಾರುವ ಹಾಗೆ ಚಪ್ಪಾಳೆ ಹೊಡೆದರು. ಹೆಡ್ಮಾಸ್ಟರಿಗೆ ಮುಂದಿನ ವಾಕ್ಯ ಮರೆತುಹೋಯಿತು. ಅವರ ಬಗ್ಗೆ ಎರಡು ಮಾತು ಆಡಿ ಎಂದು ನನ್ನನ್ನೂ ಕರೆದರು. ನಾನು ಗಂಟಲು ಸರಿಯಿಲ್ಲ ಎಂದೆ. ಅವರು ಮಾತ್ರ ಹೋಗುವಾಗ ನನ್ನ ಹತ್ತಿರ ಬಂದು, ‘ಮಗಳು ಹೇಗಿದಾಳೆ ಮೇಡಂ? ಉತ್ತರ ಬದಲಾಯಿಸ್ತಾಳಾ ಇನ್ನೂ?’ ಎಂದು ಕೇಳಿದರು.

‘ಇಲ್ಲ’ ಎಂದೆ.

ಅವರು ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ.

ಆ ‘ಇಲ್ಲ’ ಎಂಬ ಮಾತು ನಿಜವಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ವಿಜ್ಞಾನದಲ್ಲಿ ಅವಳು ನನ್ನ ಮುಖ ನೋಡುವುದನ್ನು ಬಿಟ್ಟಿದ್ದಳು. ಬೇರೆ ವಿಷಯಗಳಲ್ಲಿ ನಾನು ಬೆನ್ನು ಮಾಡಿ ಕೇಳಿರಲೇ ಇಲ್ಲ.

ಸಾವಿನ ಮನೆಗೆ ನಾನೊಬ್ಬಳೇ ಹೋದೆ. ನಿಶ್ಚಿತಾರ್ಥ ಹತ್ತಿರ ಇರುವಾಗ ಹೋಗಬಾರದು ಎಂದು ನನ್ನ ತಂಗಿ ಫೋನಿನಲ್ಲಿ ಗದರಿದಳು. ಹದಿನಾರಿನ ಅವರ ಮನೆಯ ಹಾಲಿನಲ್ಲಿ ಬುದ್ಧನ ಪಟ, ಅದರ ಕೆಳಗೆ ಅವರು. ಮುಖದಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ಆ ಮುಖವನ್ನು ಹಾಗೆ ಖಾಲಿಯಾಗಿ ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು, ಬರುತ್ತದೆ ಅಂದುಕೊಂಡಿರಲಿಲ್ಲ.

ಎಲ್ಲ ಮುಗಿದ ಮೇಲೆ ಅವರ ಹೆಂಡತಿಯ ಪಕ್ಕ ಕೂತಿದ್ದೆ. ಕೇಳುವ ಹೊತ್ತಲ್ಲ ಅದು, ಆದರೂ ಇಷ್ಟು ವರ್ಷದ್ದು ಬಾಯಿಗೆ ಬಂದೇಬಿಟ್ಟಿತು. ‘ಸರ್ ಕವಲಂದೆಯಿಂದ ವರ್ಷದ ಮಧ್ಯದಲ್ಲಿ ಯಾಕೆ ಬಂದ್ರು?’

‘ನಮ್ಮತ್ತೆಗೆ ಲಕ್ವ ಹೊಡೆದಿತ್ತು ಕಣಮ್ಮ. ನಿಮ್ಮ ಸ್ಕೂಲು ಇಲ್ಲಿಗೆ ಹತ್ರ ಅಲ್ವಾ. ಹೊತ್ತಾರೆ ಅವರ ಮೈ ಒರೆಸಿ, ಗಂಜಿ ಕುಡಿಸಿ, ಆಮೇಲೆ ಬಸ್ ಹತ್ತೋರು’ ಎಂದರು ಆಕೆ. ಕಣ್ಣೊರೆಸಿಕೊಂಡು, ‘ನಿಮಗೆ ಗೊತ್ತಿರಲಿಲ್ವಾ? ಅವರೇ ನಗಾಡೋರು. ಆ ಸ್ಕೂಲಲ್ಲಿ ಎಲ್ಲಾರೂ ನನ್ನ ವಿಚಾರಿಸ್ತಾರೆ, ನನ್ನ ಮಾತ್ರ ಕೇಳಲ್ಲ ಅಂತ’ ಎಂದರು.

ಲಕ್ವ ಹೊಡೆದದ್ದು ನಿಜವೇ ಎಂದು ಪಕ್ಕದ ಮನೆಯವರನ್ನು ಕೇಳೋಣ ಅನ್ನಿಸಿತು. ಸ್ವಭಾವ ಎಲ್ಲಿ ಹೋಗುತ್ತದೆ. ಕೇಳಲಿಲ್ಲ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಆಕೆಯ ಮಾತೇ ತಲೆಯಲ್ಲಿತ್ತು. ಗೆಳತಿಯರು, ವಾರ್ಡನ್, ತಂಗಿ. ಮಗಳನ್ನು ಕೇಳಿದ್ದೆ, ನಿಜ. ಆದರೆ ಕೇಳುವಾಗ ನಾನು ಎಲ್ಲಿ ಕೂತಿದ್ದೆ?

ಮನೆಗೆ ಬಂದು, ಸ್ನಾನ ಮಾಡಿ, ಒಲೆಯ ಮೇಲೆ ನೀರಿಟ್ಟೆ. ನೀರು ಕುದಿಯಲು ಶುರುವಾದ ಮೇಲೆ ಹಿಟ್ಟು ಹಾಕಿ ಕೋಲು ಹಿಡಿದೆ. ಮಗಳು ಹೊಸ್ತಿಲ ಹತ್ತಿರ ಬಂದು, ಅಲ್ಲಿ ಯಾರ‍್ಯಾರು ಬಂದಿದ್ದರು, ಸಾರ್ ಕಷ್ಟಪಟ್ಟರಾ ಎಂದು ಕೇಳಿದಳು. ಹೇಳಿದೆ. ಆಮೇಲೆ ಒಲೆಯ ಹಿಂದಿನ ಗೋಡೆ ನೋಡುತ್ತಾ ಕೇಳಿದೆ.

‘ಈ ಮದುವೆ ನಿನಗೆ ಒಪ್ಪಿಗೆನಾ?’

‘ಹೂಂ, ಒಪ್ಪಿಗೆ.’

‘ನಿಂಗೆ ಹೆಂಗೊತ್ತು?’

ಆ ಪ್ರಶ್ನೆ ಎಲ್ಲಿಂದ ಬಂತು ಎಂದು ಅವಳಿಗೂ ಗೊತ್ತಿತ್ತು. ಹಿಟ್ಟು ಗಟ್ಟಿಯಾಗುತ್ತಾ ಬಂತು, ಕೈ ನೋಯುತ್ತಿತ್ತು. ಮಾತಾಡಬಾರದು ಎಂದು ತುಟಿ ಕಚ್ಚಿಕೊಂಡಿದ್ದೆ. ಎಷ್ಟೋ ಹೊತ್ತಿನ ಮೇಲೆ ಹಿಂದಿನಿಂದ ದನಿ ಬಂತು.

‘ಅಮ್ಮಾ, ಈ ಕಡೆ ತಿರುಗು.’

ನಾನು ತಿರುಗಲಿಲ್ಲ.

‘ಒಂದ್ಸಲ ತಿರುಗಮ್ಮ.’

‘ಹಿಟ್ಟು ಗಂಟಾಗ್ತದೆ. ಹೇಳು.’

ಅವಳು ಹೊಸ್ತಿಲ ಮೇಲೆ ಕೂತದ್ದು ಬಳೆ ಸದ್ದಿನಿಂದ ತಿಳಿಯಿತು. ‘ಆ ಹುಡುಗ ಕೆಟ್ಟವನಲ್ಲಮ್ಮ’ ಎಂದಳು. ‘ಒಳ್ಳೆಯವನೇ. ಆದ್ರೆ ವೀಡಿಯೋ ಕಾಲ್ ಮಾಡಿದಾಗೆಲ್ಲ ಅವನು ಏನಾದ್ರೂ ಕೇಳ್ತಾನಲ್ಲ, ಕೆಲಸಕ್ಕೆ ಹೋಗ್ತೀಯಾ, ಎಲ್ಲಿ ಮನೆ ಮಾಡೋಣ ಅಂತ, ನಾನು ಅವನ ಮುಖ ನೋಡ್ಕೊಂಡೇ ಉತ್ತರ ಹೇಳ್ತೀನಿ. ಅವನಿಗೆ ಏನು ಬೇಕೋ ಅದನ್ನ. ಈಗ್ಲೇ ಶುರುವಾಗಿದೆ. ಕಾಲ್ ಕಟ್ ಆದ್ಮೇಲೆ ನಂಗೇನು ಬೇಕು ಅಂತ ನಂಗೇ ಗೊತ್ತಿರಲ್ಲ.’ ಮತ್ತೆ ಬಳೆ ಸದ್ದಾಯಿತು. ‘ನಂಗೆ ಒಪ್ಪಿಗೆ ಇಲ್ಲಮ್ಮ.’

ಇಷ್ಟು ದಿನ ಊರೆಲ್ಲ ಸುತ್ತಿ ಹುಡುಕಿದ ಉತ್ತರ ನನ್ನ ಬೆನ್ನ ಹಿಂದೆಯೇ ಕೂತಿತ್ತು. ನಿಶ್ಚಿತಾರ್ಥಕ್ಕೆ ಹಾಲ್ ಬುಕ್ ಆಗಿತ್ತು, ಅಡುಗೆಯವರಿಗೆ ಹೇಳಿಯಾಗಿತ್ತು, ಹುಡುಗನ ತಾಯಿ ಸೀರೆಯ ಬಣ್ಣ ಕೇಳಲು ಸಂಜೆ ಫೋನ್ ಮಾಡುತ್ತೇನೆ ಎಂದಿದ್ದರು. ನಮ್ಮ ಮನೆಯವರಿಗೆ ಏನು ಹೇಳುವುದು, ತಂಗಿಗೆ ಏನು ಹೇಳುವುದು, ಎಲ್ಲ ಒಟ್ಟಿಗೆ ಮುಖಕ್ಕೆ ಬಂತು.

‘ಆಯ್ತು. ಅವರು ಫೋನ್ ಮಾಡಿದಾಗ ನಾನು ಹೇಳ್ತೀನಿ’ ಎಂದೆ.

ಕೋಲು ಕೆಳಗಿಟ್ಟೆ, ಒಲೆ ಆರಿಸಿದೆ. ಮಗಳು ಹಿಂದೆ ಕಾಯುತ್ತಿದ್ದಳು. ಈ ಮುಖ ನಂಬುವ ಹಾಗಿರಲಿಲ್ಲ. ಅದು ಸರಿಹೋಗುವ ತನಕ ಗೋಡೆ ನೋಡುತ್ತಾ ನಿಂತೆ.